ಮನೆಗೆ ಸೇರಿಸಿಕೊಂಡವರು

ಹೊರದೇಶಕ್ಕೆ ಸ್ವಯಂಸೇವೆಗೆ ಹೋಗಿ ಬಂದವರ ಬರಹಗಳನ್ನು ನಾನು ಹುಡುಕಿ ಹುಡುಕಿ ಓದುತ್ತೇನೆ. ಆಫ್ರಿಕಾದ ಹಳ್ಳಿಯ ಶಾಲೆ, ಕಾಂಬೋಡಿಯಾದ ಆಸ್ಪತ್ರೆ, ಪೆರುವಿನ ಬೆಟ್ಟದ ಊರು. ಹೋದವರು ತಮಗೆ ಏನಾಯಿತು, ಏನು ಕಲಿತೆವು, ಬದುಕು ಹೇಗೆ ಬದಲಾಯಿತು ಅಂತ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರನ್ನು ಮನೆಗೆ ಸೇರಿಸಿಕೊಂಡು, ಮಲಗಲು ಜಾಗ ಕೊಟ್ಟು, ಎರಡು ಹೊತ್ತು ಬೇಯಿಸಿ ಹಾಕಿದವರು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ. ‘ಅಲ್ಲಿನ ಜನ ತುಂಬಾ ಒಳ್ಳೆಯವರು.’ ಅಷ್ಟೇ.

ನನಗೆ ಅಷ್ಟು ಸಾಕಾಗುವುದಿಲ್ಲ. ಯಾಕೆಂದರೆ ನಾನು ಎರಡೂ ಕಡೆ ಇದ್ದವಳು. ಹೊರಗಿನವರು ಬಂದು ನೋಡಿಕೊಂಡು ಹೋಗುವ ಊರಿನಲ್ಲಿ ಬೆಳೆದೆ. ಆಮೇಲೆ ಬೇರೆಯವರ ಊರಿಗೆ ಹೋಗಿ, ಬೇರೆಯವರ ಮನೆಯಲ್ಲಿ ಉಂಡು ಬಂದೆ.

ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಪೆರ್ಲ ಪೇಟೆಯಿಂದ ಒಳಗೆ ಹೋದರೆ ಗುಡ್ಡ, ಅಡಿಕೆ ತೋಟ, ಮತ್ತೆ ಗುಡ್ಡ. ಸ್ವಲ್ಪ ಆಚೆ ಕರ್ನಾಟಕದ ಗಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಾಗದ ಬಂದರೆ ಮಲಯಾಳಂ. ನಮ್ಮ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. 2000ದ ಕೊನೆಗೆ ಅದು ನಿಂತಿತು. ಅಷ್ಟರಲ್ಲಿ ತೋಟದ ಕೆಳಗಿನ ತೋಡು, ಬಾವಿ, ಮನೆಗಳಲ್ಲಿ ಏನೆಲ್ಲ ಆಗಬೇಕೋ ಆಗಿತ್ತು. 2011ರ ಏಪ್ರಿಲ್‌ನಲ್ಲಿ, ವಿಷ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು.

ಆ ವರ್ಷಗಳಲ್ಲಿ ನಮ್ಮ ಕಡೆಗೆ ಬಾರದವರಿಲ್ಲ. ಪತ್ರಕರ್ತರು, ಕ್ಯಾಮೆರಾದವರು, ಕಾಲೇಜಿನ ತಂಡಗಳು, ವಿದೇಶದಿಂದ ಬಂದವರು. ನಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಒಬ್ಬರು ಅಕ್ಕ ಇದ್ದರು. ಹಾಸಿಗೆಯಿಂದ ಏಳಲಾಗದ ಮಗು ಅವರಿಗೆ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಯಾರೋ ಬರುತ್ತಾರೆ ಅಂತ ಸುದ್ದಿ ಬಂದ ದಿನ ಅವರು ಮಗುವಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಅಂಗಳ ಗುಡಿಸಿ ಕಾಯುತ್ತಿದ್ದರು. ಅಂದು ಬೀಡಿ ಕಟ್ಟುವುದು ಆಗುತ್ತಿರಲಿಲ್ಲ. ಬಂದವರಿಗೆ ಚಹಾ ಬೇರೆ. ಅದೇ ಪ್ರಶ್ನೆ, ಅದೇ ಉತ್ತರ. ಜೀಪು ಇಳಿದು ಹೋದ ಮೇಲೆ ಅವರು ಲೋಟ ತೊಳೆಯುತ್ತ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತೆಗೆದ ಫೋಟೊದ ಒಂದು ಪ್ರತಿಯೂ ಆ ಮನೆಗೆ ಬರಲಿಲ್ಲ.

ಬಂದವರಿಂದ ಉಪಕಾರವೇ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆ ಚಿತ್ರಗಳು ಹೊರಗೆ ಹೋದದ್ದರಿಂದಲೇ ಜಗತ್ತು ನಮ್ಮ ಕಡೆ ತಿರುಗಿತು. ಆದರೆ ಚಿತ್ರ ತೆಗೆಯುವವರು ಬರುವ ಮೊದಲೇ ವಾಣಿನಗರದ ಡಾಕ್ಟರು ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳನ್ನು ಗಮನಿಸಿ, ಇದು ಸಹಜವಲ್ಲ ಅಂತ ಹೇಳಿದ್ದರು. ಪತ್ರಕರ್ತ ಶ್ರೀಪಡ್ರೆ ಬರೆದಿದ್ದರು. ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಅಂತ ಕೋರ್ಟಿಗೆ ಹೋಗಿದ್ದರು. ಇವರೆಲ್ಲ ಈ ಜಿಲ್ಲೆಯಲ್ಲೇ ಬದುಕುತ್ತಿದ್ದವರು. ಇಲ್ಲಿನ ನೀರನ್ನೇ ಕುಡಿಯುತ್ತಿದ್ದವರು.

ಇನ್ನೊಬ್ಬಳನ್ನೂ ಹೇಳಬೇಕು. ಯುರೋಪಿನ ಯಾವುದೋ ದೇಶದಿಂದ ಒಬ್ಬ ಹುಡುಗಿ ಬಂದಿದ್ದಳು. ತುಳು ಬಾರದು, ಮಲಯಾಳಂ ಬಾರದು. ಮೊದಲ ದಿನ ಎಲ್ಲರ ಜೊತೆ ಬಂದು ಹೋದಳು. ಮತ್ತೆ ಒಬ್ಬಳೇ ಬಂದಳು. ತಾನು ಏನು ಮಾಡಬಹುದು ಅಂತ ಭಾಷೆ ಗೊತ್ತಿದ್ದವರ ಮೂಲಕ ಕೇಳಿಸಿದಳು. ಅಕ್ಕ ಹೇಳಿದ್ದು ಇಷ್ಟು: ‘ವಾರಕ್ಕೆರಡು ದಿನ ನಾನು ಬೀಡಿ ಕೊಡಲಿಕ್ಕೆ ಪೇಟೆಗೆ ಹೋಗಬೇಕು. ಅಷ್ಟು ಹೊತ್ತು ಮಗುವಿನ ಹತ್ತಿರ ಕೂತುಕೊಳ್ಳಲಿ.’ ಅವಳು ಕೂತಳು. ಆ ಬೇಸಿಗೆಯಿಡೀ ಕೂತಳು. ಕ್ಯಾಮೆರಾ ತಂದದ್ದನ್ನು ನಾನು ನೋಡಲಿಲ್ಲ. ಮಗುವಿಗೆ ಗಂಜಿ ತಿನ್ನಿಸುವುದು, ಮಗ್ಗುಲು ಬದಲಿಸುವುದು ಅಕ್ಕನಿಂದಲೇ ಕಲಿತಳು. ಅಕ್ಕ ಪೇಟೆಯಿಂದ ಬರುವಾಗ ಅವಳಿಗೆ ಅಂತ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರು. ಬಂದು ಹೋದ ನೂರಾರು ಜನರಲ್ಲಿ ಅಕ್ಕನಿಗೆ ಇವತ್ತಿಗೂ ಹೆಸರು ನೆನಪಿರುವುದು ಅವಳದ್ದು ಮಾತ್ರ.

ಸ್ವಯಂಸೇವೆ ಅಂದರೆ ಏನು ಅಂತ ನಾನು ಕಲಿತದ್ದು ಆ ಜಗಲಿಯಲ್ಲಿ. ಏನು ಬೇಕು ಅಂತ ಮನೆಯವರು ಹೇಳಬೇಕು. ಬಂದವರು ಅದನ್ನು ಮಾಡಬೇಕು. ಅದು ಎಷ್ಟು ಸಣ್ಣ ಕೆಲಸವಾದರೂ ಸರಿ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾಯಿತು. 7.8ರ ತೀವ್ರತೆ. ಮೇ 12ರಂದು ಇನ್ನೊಂದು, 7.3ರದ್ದು. ಎರಡರಿಂದ ಸುಮಾರು 9 ಸಾವಿರ ಜನ ಸತ್ತರು. ಹೆಚ್ಚು ಸಾವು ಆದದ್ದು ಕಾಠ್ಮಂಡುವಿನ ಈಶಾನ್ಯಕ್ಕಿರುವ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ. ಅಲ್ಲೊಂದರಲ್ಲೇ ಮೂರೂವರೆ ಸಾವಿರ. ಮನೆ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಕಾಣದ ಇನ್ನೊಂದು ನಷ್ಟ ಇತ್ತು. ಬೆಟ್ಟದ ಒಳಗೆ ಬಂಡೆ ಸರಿದು, ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನ ಒರತೆಗಳು ಬತ್ತಿದವು. ಕೆಲವು ಕಡೆ ಒರತೆ ಜಾಗ ಬದಲಿಸಿ ಎಲ್ಲೋ ಕೆಳಗೆ ಹೊರಬಿತ್ತು.

ಸುರಂಗದ ನೀರು ಕುಡಿದು ಬೆಳೆದ ನನಗೆ ಈ ಸುದ್ದಿ ಬೇರೆ ಥರ ತಟ್ಟಿತು. ನಮ್ಮ ಕಡೆ ಗುಡ್ಡದ ಪಕ್ಕಕ್ಕೆ, ಮುರಕಲ್ಲಿನ ಒಳಗೆ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒರತೆ ಸಿಗುವವರೆಗೆ ಕೊರೆಯುವುದು. ನೆಲವನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಬಿಡುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ಬಾಯಾರು, ಪಡ್ರೆ, ಶೇಣಿ ಕಡೆಗಳಲ್ಲಿ ಇಂದಿಗೂ ಅದರ ಮೇಲೆಯೇ ತೋಟ, ಮನೆ ನಡೆಯುತ್ತದೆ. ಅಂಥ ಒರತೆ ಒಂದು ದಿನ ಬೆಳಗಾಗುವಾಗ ಇಲ್ಲ ಅಂದರೆ ಏನು ಗತಿ?

ಭೂಕಂಪವಾಗಿ ಎರಡು ವರ್ಷದ ಮೇಲೆ ಒಂದು ಸಣ್ಣ ಸಂಸ್ಥೆ ಜನ ಹುಡುಕುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಎಂಜಿನಿಯರಲ್ಲ. ಸಿಂಧುಪಾಲ್ಚೋಕ್‌ನ ಒಂದು ಹಳ್ಳಿಯಲ್ಲಿ ಹೊಸ ನೀರಿನ ಲೈನು ಎಳೆಯುತ್ತಿದ್ದರು. ಅಲ್ಲಿನ ಬಳಕೆದಾರರ ಸಮಿತಿಯಲ್ಲಿ ಹೆಂಗಸರೇ ಜಾಸ್ತಿ. ಲೆಕ್ಕದ ಪುಸ್ತಕ ಇಡುವುದನ್ನು ಕಲಿಸುವ, ಹಳ್ಳಿಯಲ್ಲೇ ಉಳಿಯಬಲ್ಲ, ಹಿಂದಿ ಬಲ್ಲ ಹೆಂಗಸು ಬೇಕು ಅಂತ ಸಮಿತಿಯೇ ಕೇಳಿತ್ತಂತೆ. ನಾನು ನಮ್ಮ ವಾರ್ಡಿನ ಜಲನಿಧಿ ಅನ್ನುವ ಕುಡಿಯುವ ನೀರಿನ ಯೋಜನೆಯ ಸಮಿತಿಗೆ ಲೆಕ್ಕ ಬರೆಯುತ್ತಿದ್ದವಳು. ಅದಕ್ಕೂ ಮೊದಲು ಅಮ್ಮನ ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಗುಂಪಿನ ಪುಸ್ತಕ ಬರೆದ ಅಭ್ಯಾಸ. ನೇಪಾಳಕ್ಕೆ ನಮಗೆ ವೀಸಾ ಬೇಡ. ರೈಲಿನಲ್ಲಿ ಗೋರಖಪುರ, ಅಲ್ಲಿಂದ ಸುನೌಲಿ ಗಡಿ ದಾಟಿ ಬಸ್ಸು. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟರೆ ಆಯಿತು, ಬೇರೆ ದೇಶ.

ನನ್ನನ್ನು ಸೇರಿಸಿಕೊಂಡದ್ದು ತಮಾಂಗ್ ಅನ್ನುವ ಬೆಟ್ಟದ ಜನಾಂಗದವರ ಒಂದು ಮನೆ. ಆಮಾ, ಅಂದರೆ ಅಮ್ಮ, ಮತ್ತು ಅವರ ಮೊಮ್ಮಗಳು. ಮಗ ಕತಾರ್‌ನಲ್ಲಿ ಕಟ್ಟಡದ ಕೆಲಸ. ಸೊಸೆ ಕಾಠ್ಮಂಡುವಿನಲ್ಲಿ ಯಾರದ್ದೋ ಮನೆಯಲ್ಲಿ ದುಡಿಯುತ್ತಿದ್ದಳು. ಆ ಊರಿನಲ್ಲಿ ದುಡಿಯುವ ವಯಸ್ಸಿನ ಗಂಡಸರು ಕಾಣುತ್ತಿದ್ದದ್ದೇ ಕಮ್ಮಿ. ಗಲ್ಫ್ ಅಥವಾ ಮಲೇಷ್ಯಾ. ಇದೇನೂ ನನಗೆ ಹೊಸದಲ್ಲ. ನಮ್ಮ ಊರಿನಲ್ಲೂ ಹತ್ತು ಮನೆಗೆ ನಾಲ್ಕು ಮನೆಯಲ್ಲಿ ಒಬ್ಬ ದುಬೈಯಲ್ಲೋ ಶಾರ್ಜಾದಲ್ಲೋ ಇರುತ್ತಾನೆ. ರಾತ್ರಿ ಊಟದ ಮೇಲೆ ಆಮಾನ ಫೋನಿನಲ್ಲಿ ಇಮೋ ಅನ್ನುವ ವಿಡಿಯೊ ಕರೆಯ ಆ್ಯಪ್ ಶಬ್ದ ಮಾಡಿದರೆ ಮಗ ಡ್ಯೂಟಿ ಮುಗಿಸಿ ರೂಮಿಗೆ ಬಂದ ಅಂತ ಅರ್ಥ. ಅವನ ರೂಮಿನಲ್ಲಿ ಮಲಯಾಳಿಗಳಿದ್ದರು. ಒಂದು ದಿನ ಅವನು ಫೋನನ್ನು ಅವರ ಕೈಗೆ ಕೊಟ್ಟ. ಆ ಬೆಟ್ಟದ ಮೇಲೆ ಕೂತು ನಾನು ಕಣ್ಣೂರಿನ ಒಬ್ಬರ ಜೊತೆ ಮಲಯಾಳಂ ಮಾತಾಡಿದೆ. ಆಮಾ ನಕ್ಕದ್ದೇ ನಕ್ಕದ್ದು.

ಮನೆಯ ವಿಷಯ ಹೇಳಬೇಕು. ಭೂಕಂಪದ ಮೊದಲು ಅವರದ್ದು ಕಲ್ಲು ಮಣ್ಣಿನ ದೊಡ್ಡ ಮನೆ. ಕೆಳಗೆ ಒಲೆ, ಮೇಲೆ ಧಾನ್ಯ ಇಡುವ ಅಟ್ಟ. ಅದು ಬಿತ್ತು. ಸರ್ಕಾರ ಮನೆ ಕಟ್ಟಲು ಮೂರು ಕಂತಿನಲ್ಲಿ 3 ಲಕ್ಷ ನೇಪಾಳಿ ರೂಪಾಯಿ ಕೊಟ್ಟಿತು. ಭೂಕಂಪ ತಡೆಯುವ ನಿಯಮದ ಪ್ರಕಾರ ಕಟ್ಟಿದರೆ ಮಾತ್ರ ಮುಂದಿನ ಕಂತು. ಆ ದುಡ್ಡಿಗೆ ಎದ್ದದ್ದು ಎರಡು ಕೋಣೆಯ ತಗಡಿನ ಮಾಡಿನ ಮನೆ. ಅಟ್ಟ ಇಲ್ಲ. ಬೆಳೆದ ರಾಗಿ, ಜೋಳ ಎಲ್ಲಿಡುವುದು? ಆದ್ದರಿಂದ ಒಂದು ಕೋಣೆ ತುಂಬಾ ಧಾನ್ಯದ ಚೀಲ. ಇನ್ನೊಂದರಲ್ಲಿ ಮನುಷ್ಯರು. ಅಡುಗೆಗೆ ಪಕ್ಕದಲ್ಲಿ ತಗಡಿನ ಗುಡಿಸಲು.

ಮನುಷ್ಯರು ಮಲಗುವ ಆ ಒಂದೇ ಕೋಣೆಯನ್ನು ಆಮಾ ನನಗೆ ಅಂತ ಖಾಲಿ ಮಾಡಿ ಇಟ್ಟಿದ್ದರು. ತಾವು ಮತ್ತು ಮೊಮ್ಮಗಳು ಅಡುಗೆ ಗುಡಿಸಲಿನಲ್ಲಿ ಮಲಗುವುದು ಅಂತ ತೀರ್ಮಾನ ಮಾಡಿಯಾಗಿತ್ತು. ಕಾರ್ತಿಕ ಕಳೆದು ಚಳಿ ಶುರುವಾಗಿತ್ತು. ಮೂವರೂ ಒಂದೇ ಕಡೆ ಮಲಗೋಣ ಅಂತ ನಾನು ಹಟ ಹಿಡಿದೆ. ಅವರೂ ಹಟ ಹಿಡಿದರು. ಕೊನೆಗೆ ಮೊಮ್ಮಗಳೇ ತನ್ನ ಹಾಸಿಗೆ ತಂದು ನನ್ನ ಪಕ್ಕ ಹಾಸಿದಳು. ಆಮಾ ಹಿಂದೆಯೇ ಬಂದರು. ಇದನ್ನು ಯಾವ ಸಂಸ್ಥೆಯ ವರದಿಯಲ್ಲೂ ಬರೆಯುವುದಿಲ್ಲ, ಅಲ್ವಾ? ಒಬ್ಬ ಸ್ವಯಂಸೇವಕಿಗೆ ವಸತಿ ವ್ಯವಸ್ಥೆ ಮಾಡಲಾಯಿತು ಅಂತ ಬರೆಯುತ್ತಾರೆ. ಆ ವ್ಯವಸ್ಥೆ ಯಾರ ಹಾಸಿಗೆ, ಯಾರ ಸೌದೆ, ಯಾರ ನಿದ್ದೆ ಅನ್ನುವುದು ಅಲ್ಲಿ ಬರುವುದಿಲ್ಲ.

ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವುದು. ಚಹಾ. ಎಮ್ಮೆಗೆ ಹಿಟ್ಟು ಕಲಸಿದ ಬಿಸಿನೀರು. ಆಮೇಲೆ ಹುಲ್ಲಿಗೆ ಹೋಗುವುದು. ಹತ್ತು ಗಂಟೆಗೆ ದಾಲ್‌ಭಾತ್, ಅದೇ ಬೆಳಗಿನ ಊಟ. ಮಧ್ಯಾಹ್ನ ಖಾಜಾ ಅಂತ ಹುರಿದ ಜೋಳವೋ ಅವಲಕ್ಕಿಯೋ. ರಾತ್ರಿ ಏಳಕ್ಕೆ ಮತ್ತೆ ಊಟ. ಎಂಟೂವರೆಗೆ ದೀಪ ಆರಿತು. ಬೆಳಗ್ಗಿನ ದೋಸೆ, ಮಧ್ಯಾಹ್ನದ ಊಟದ ಲೆಕ್ಕದಲ್ಲಿ ಬೆಳೆದ ಹೊಟ್ಟೆ ಅದಕ್ಕೆ ಒಗ್ಗಲು ಸ್ವಲ್ಪ ದಿನ ಬೇಕಾಯಿತು. ಅನ್ನದ ಜೊತೆ ಗುಂದ್ರುಕ್ ಇರುತ್ತಿತ್ತು. ಸಾಸಿವೆ, ಮೂಲಂಗಿ ಸೊಪ್ಪನ್ನು ಬಾಡಿಸಿ, ಪಾತ್ರೆಯಲ್ಲಿ ಒತ್ತಿ ತುಂಬಿ, ಹುಳಿ ಬರಿಸಿ, ಬಿಸಿಲಿಗೆ ಒಣಗಿಸಿ ಇಡುತ್ತಾರೆ. ಅದರ ಸಾರು ಹುಳಿ ಹುಳಿಯಾಗಿ ಚಳಿಗೆ ಬಹಳ ಹಿತ.

ಆ ಮನೆಯಲ್ಲಿ ದಿನಾ ತಿನ್ನುವುದು ಢಿಂಡೊ, ಅಂದರೆ ಕುದಿಯುವ ನೀರಿಗೆ ರಾಗಿ ಹಿಟ್ಟೋ ಜೋಳದ ಹಿಟ್ಟೋ ಹಾಕಿ ಗಟ್ಟಿಯಾಗಿ ತಿರುವಿದ್ದು. ಅಕ್ಕಿ ಬೆಳೆಯುವುದು ಕೆಳಗಿನ ಗದ್ದೆಗಳಲ್ಲಿ, ಇವರಿಗೆ ಸ್ವಲ್ಪವೇ ಸಿಗುತ್ತದೆ. ನಾನು ಬಂದಿದ್ದೇನೆ ಅಂತ ಆಮಾ ಅಂಗಡಿಯಿಂದ ಅಕ್ಕಿ ತರಿಸಿದ್ದರು. ನೆಂಟರಿಗೆ ಢಿಂಡೊ ಹಾಕಿದರೆ ಮರ್ಯಾದೆ ಅಲ್ಲ ಅಂತ ಅವರ ಲೆಕ್ಕ. ನನಗೆ ಢಿಂಡೊವೇ ಆಗಬಹುದು ಅಂತ ಹೇಳಿ ಹೇಳಿ ಸಾಕಾಯಿತು. ಬಾಯಿಮಾತಿಗೆ ಅವರು ಬಗ್ಗಲಿಲ್ಲ.

ಬಗ್ಗಿದ್ದು ರಾಗಿ ಕೊಯ್ಲಿನಲ್ಲಿ. ತೆನೆ ಕೊಯ್ದು ರಾಶಿ ಹಾಕಿ ಕೆಲವು ದಿನ ಮುಚ್ಚಿಟ್ಟು, ಆಮೇಲೆ ಕೋಲಿನಿಂದ ಬಡಿದು ಕಾಳು ಬಿಡಿಸುತ್ತಾರೆ. ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು ಅಂತ ಮನೆಮನೆಯವರು ಸೇರಿ ಮಾಡುವ ಕೆಲಸ. ಆಮಾನ ಮನೆಯಿಂದ ಹೋಗಬೇಕಾದ ಒಂದು ಆಳಿನ ಜಾಗಕ್ಕೆ ನಾನು ಹೋದೆ. ಕೊಯ್ಯುವುದರಲ್ಲಿ ಅವರ ವೇಗ ನನಗೆ ಬರಲಿಲ್ಲ, ಆದರೆ ಗೆರಸೆ ಹಿಡಿದು ಕೇರಲು ಅಜ್ಜಿಯಿಂದ ಕಲಿತಿದ್ದೆ. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುವುದನ್ನು ನೋಡಿ ಅಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ರಾತ್ರಿ ಆಮಾ ಏನೂ ಹೇಳದೆ ನನ್ನ ತಟ್ಟೆಗೂ ಢಿಂಡೊ ಹಾಕಿದರು. ಅಂದಿನಿಂದ ಹಾಲು ಕರೆಯುವಾಗ ದೀಪ ಹಿಡಿ, ಆಡು ಕಟ್ಟಿ ಬಾ, ಸೌದೆ ತಾ ಅಂತ ಕೆಲಸ ಹೇಳಲು ಶುರು ಮಾಡಿದರು. ಕೆಲಸ ಹೇಳಿಸಿಕೊಳ್ಳುವುದರಲ್ಲಿ ಇಷ್ಟು ಸಂತೋಷ ಇದೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ.

ಇನ್ನು ನೀರಿನ ಕೆಲಸ. ಹಳೆಯ ಒರತೆ ಬತ್ತಿದ ಮೇಲೆ ಊರಿನವರೇ ಬೆಟ್ಟ ಹತ್ತಿ ಹುಡುಕಿ ಮೇಲೊಂದು ಒರತೆ ಕಂಡುಹಿಡಿದಿದ್ದರು. ಅಳೆಯುವುದು ಸುಲಭ. ಬಕೆಟ್ ಇಟ್ಟು, ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಗಡಿಯಾರ ನೋಡುವುದು. ಮಳೆಗಾಲದ ಅಳತೆಯನ್ನು ನಂಬುವ ಹಾಗಿಲ್ಲ, ಬೇಸಿಗೆಯ ಅಳತೆಯೇ ಲೆಕ್ಕ. ಅಲ್ಲಿಂದ ಪೈಪು, ಮಧ್ಯೆ ಟ್ಯಾಂಕು, ಟ್ಯಾಂಕಿನಿಂದ ಕೇರಿಗಳ ನಲ್ಲಿಗೆ. ಎಲ್ಲ ಇಳಿಜಾರಿನ ಬಲದ ಮೇಲೆ. ತುಂಬಾ ಕಡಿದಾದ ಕಡೆ ನೀರಿನ ಒತ್ತಡಕ್ಕೆ ಪೈಪು ಒಡೆಯದಂತೆ ನಡುವೆ ಸಣ್ಣ ತೊಟ್ಟಿ ಕಟ್ಟಿ ಒತ್ತಡ ಮುರಿಯುತ್ತಾರೆ. ಕಪ್ಪು ಪಾಲಿಥಿನ್ ಪೈಪಿನ ಎರಡು ತುದಿಗಳನ್ನು ಕಾದ ಲೋಹದ ತಟ್ಟೆಗೆ ಒತ್ತಿ, ಕರಗಿದ ಕೂಡಲೇ ಒಂದಕ್ಕೊಂದು ಸೇರಿಸಿ ಹಿಡಿಯಬೇಕು. ಪೈಪು ಹೂಳಲು ಮೂರು ಅಡಿ ಆಳದ ಕಣಿ ಬೇಕು. ಆ ಕಣಿ ಅಗೆಯುವುದು ಊರಿನವರ ಪಾಲಿನ ಶ್ರಮದಾನ. ಗಂಡಸರಿಲ್ಲದ ಊರಿನಲ್ಲಿ ಅಂದರೆ ಹೆಂಗಸರು ಮತ್ತು ವಯಸ್ಸಾದವರು.

ನನ್ನ ಕೆಲಸ ಪುಸ್ತಕದ್ದು. ಯಾವ ಮನೆಯವರು ಎಷ್ಟು ದಿನ ಅಗೆದರು, ಎಷ್ಟು ದುಡ್ಡು ಬಂತು, ಎಷ್ಟು ಸಿಮೆಂಟು ಖರ್ಚಾಯಿತು. ಸಂಜೆ ಸಮಿತಿಯ ಇಬ್ಬರು ಹೆಂಗಸರು ಬರುತ್ತಿದ್ದರು. ಒಬ್ಬರಿಗೆ ಓದು ಬರಹ ಚೆನ್ನಾಗಿ ಬರುತ್ತಿತ್ತು. ಇನ್ನೊಬ್ಬರಿಗೆ ಅಂಕಿ ಮಾತ್ರ. ಆದರೆ ಊರಿನ ಯಾವ ಮನೆಯಿಂದ ಯಾರು ಬಂದರು ಅನ್ನುವುದು ಅವರಿಗೆ ಬಾಯಿಪಾಠ. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು. ನಾನು ಕೂಡುವುದು ಸರಿಯಾಗಿದೆಯಾ ಅಂತ ನೋಡುವುದು.

ಕೆಳಗಿನ ಕೇರಿಯಲ್ಲಿ ಕಮ್ಮಾರಿಕೆಯ ಜಾತಿಯವರ ಕೆಲವು ಮನೆಗಳಿದ್ದವು. ನೇಪಾಳದಲ್ಲಿ ಅಸ್ಪೃಶ್ಯತೆಯನ್ನು 1963ರಲ್ಲೇ ಕಾನೂನು ಕೈಬಿಟ್ಟಿತು. 2011ರಲ್ಲಿ ಅದನ್ನು ಅಪರಾಧ ಮಾಡಿ ಬೇರೆ ಕಾಯಿದೆಯೂ ಬಂತು. ಆದರೂ ನೀರಿನ ಹತ್ತಿರ ಬಂದಾಗ ಹಳೆಯದೆಲ್ಲ ಎದ್ದು ನಿಲ್ಲುತ್ತದೆ. ಆ ಕೇರಿಗೆ ಬೇರೆ ನಲ್ಲಿ ಬೇಡ, ಈ ವರ್ಷ ಪೈಪು ಸಾಲದು, ಮುಂದೆ ನೋಡೋಣ ಅನ್ನುವ ಮಾತು ಬಂತು. ಯಾರೂ ಜಾತಿಯ ಹೆಸರು ಎತ್ತಲಿಲ್ಲ. ಎತ್ತುವುದೂ ಬೇಕಿರಲಿಲ್ಲ. ನಮ್ಮಲ್ಲೂ ಲೈನಿನ ಕೊನೆಯ ತುದಿ ಯಾವಾಗಲೂ ಯಾರ ಕಾಲೊನಿಗೆ ಬರುತ್ತದೆ, ಬೇಸಿಗೆಯಲ್ಲಿ ಯಾರ ನಲ್ಲಿ ಮೊದಲು ಒಣಗುತ್ತದೆ ಅಂತ ನನಗೆ ಗೊತ್ತು. ನನಗೆ ಹೊಟ್ಟೆ ಉರಿಯಿತು. ಆದರೆ ಆ ಸಭೆಯಲ್ಲಿ ಭಾಷಣ ಮಾಡುವ ಅಧಿಕಾರ ನನಗಿಲ್ಲ. ನಾಳೆ ನಾನು ಬಸ್ಸು ಹತ್ತಿ ಹೋಗುವವಳು. ಮಾತಿನ ಫಲ ಉಣ್ಣುವವರು ಆ ಕೇರಿಯವರು.

ಮಾತಾಡಿದ್ದು ಪುಸ್ತಕ. ಅಲ್ಲಿ ಎಲ್ಲರೆದುರು ಲೆಕ್ಕ ಓದುವ ಪದ್ಧತಿ ಇದೆ. ಇಡೀ ಊರನ್ನು ಸೇರಿಸಿ ಬಂದದ್ದು, ಹೋದದ್ದು ಗಟ್ಟಿಯಾಗಿ ಓದಬೇಕು. ಓದು ಬಲ್ಲ ಆ ದಿದಿ ಎದ್ದು ನಿಂತು ಮನೆಮನೆಯ ಶ್ರಮದಾನದ ದಿನಗಳನ್ನು ಓದಿದರು. ಕೆಳಗಿನ ಕೇರಿಯ ಮನೆಗಳ ಲೆಕ್ಕ ಬಂತು. ಒಂದು ಮನೆಯೂ ಬಾಕಿ ಇಟ್ಟಿರಲಿಲ್ಲ. ಎರಡು ಮನೆಯವರು ಊರಲ್ಲೇ ಎಲ್ಲರಿಗಿಂತ ಜಾಸ್ತಿ ದಿನ ಅಗೆದಿದ್ದರು. ಸಭೆ ಸುಮ್ಮನಾಯಿತು. ಆಮೇಲೆ ಅಂಕಿ ಮಾತ್ರ ಬಲ್ಲ ಇನ್ನೊಬ್ಬ ದಿದಿ ಕೂತಲ್ಲಿಂದಲೇ ಕೇಳಿದರು: ‘ಅಗೆಯುವಾಗ ಅವರ ಕೈ ಬೇಕಿತ್ತು. ನೀರು ಬರುವಾಗ ಬೇಡವಾ?’ ಜಗಳ ಅಂದು ಮುಗಿಯಲಿಲ್ಲ. ಇನ್ನೂ ಎರಡು ಸಭೆ ಬೇಕಾಯಿತು. ಪೈಪು ಹೊಂದಿಸಿದರು. ನಲ್ಲಿ ಬಂತು. ಮೇಲಿನ ಕೇರಿಯ ಕೆಲವರು ಆ ಇಬ್ಬರು ದಿದಿಯರ ಜೊತೆ ಬಹಳ ದಿನ ಮಾತು ಬಿಟ್ಟರು. ಅದನ್ನೂ ಅವರೇ ಸಹಿಸಿದರು. ಹೊರಗಿನಿಂದ ಬಂದವರು ಊರನ್ನು ಬದಲಿಸುತ್ತಾರೆ ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ. ಬದಲಾವಣೆಗೆ ಬೆಲೆ ಕೊಡುವವರು ಅಲ್ಲೇ ಉಳಿಯುವವರು.

ಆ ಊರಿನ ಒಬ್ಬ ಮುದುಕರು ಬಿಸಿಲು ಕಾಯಿಸುತ್ತ ಇನ್ನೊಂದು ಭೂಕಂಪದ ಕಥೆ ಹೇಳುತ್ತಿದ್ದರು. ತಂದೆಯಿಂದ ಕೇಳಿದ್ದಂತೆ. ಅವರ ಪಂಚಾಂಗದ 1990ನೇ ಸಾಲಿನದ್ದು, ನಮ್ಮ ಲೆಕ್ಕದಲ್ಲಿ 1934ರ ಜನವರಿ 15. ಅದು ನೇಪಾಳವನ್ನೂ ಬಿಹಾರವನ್ನೂ ಒಟ್ಟಿಗೆ ಕೆಡವಿತು. ಹೊರದೇಶದ ಸ್ವಯಂಸೇವೆಯ ಚರಿತ್ರೆಯಲ್ಲೂ ಅದೊಂದು ಮುಖ್ಯ ವರ್ಷ. ಪಿಯರ್ ಸೆರೆಸೋಲ್ ಅನ್ನುವ ಸ್ವಿಸ್ ಎಂಜಿನಿಯರ್ ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಫ್ರಾನ್ಸಿನ ವರ್ಡನ್ ಹತ್ತಿರ ನೆಲಸಮವಾದ ಒಂದು ಹಳ್ಳಿಯನ್ನು ಕಟ್ಟಲು ಬೇರೆ ಬೇರೆ ದೇಶದ ಕೆಲವರನ್ನು ಕರೆದುಕೊಂಡು ಹೋದವರು. ಆ ಗುಂಪಿನಲ್ಲಿ ಜರ್ಮನ್ನರೂ ಇದ್ದರು. ನಿನ್ನೆವರೆಗೆ ಶತ್ರುಗಳಾಗಿದ್ದವರು ಒಂದೇ ಗೋಡೆ ಕಟ್ಟುವುದು. ಬಿಹಾರದ ಸುದ್ದಿ ಕೇಳಿ ಅದೇ ಮನುಷ್ಯ 1934ರಲ್ಲಿ ಇಲ್ಲಿಗೆ ಬಂದರು. ಗಾಂಧೀಜಿಯನ್ನು, ರಾಜೇಂದ್ರ ಪ್ರಸಾದರನ್ನು ಕಂಡರು. ಸಂಗಡಿಗರ ಜೊತೆ ಸಲಿಕೆ ಹಿಡಿದು ಹಳ್ಳಿಯವರ ಮಧ್ಯೆ ಮನೆ ಕಟ್ಟುವ ಕೆಲಸ ಮಾಡಿದರು.

ಆಮೇಲೆ ಸರ್ಕಾರಗಳೂ ಈ ಕೆಲಸಕ್ಕೆ ಇಳಿದವು. ಅಮೆರಿಕದ ಪೀಸ್ ಕೋರ್ 1961ರಲ್ಲಿ ಶುರುವಾಗಿ 1962ರಲ್ಲೇ ನೇಪಾಳಕ್ಕೆ ಬಂತು. ಅದರ ಒಂದು ಕ್ರಮ ನನಗೆ ಇಷ್ಟ. ಮೊದಲ ಕೆಲವು ತಿಂಗಳು ಒಂದು ಮನೆಯಲ್ಲಿ ಉಳಿದು ಭಾಷೆ ಕಲಿಯಬೇಕು. ಆಮೇಲೆ ಎರಡು ವರ್ಷ ಅಲ್ಲೇ ಇರಬೇಕು. ಈಗ ಎರಡು ವಾರದ ಸ್ವಯಂಸೇವೆಯೂ ದುಡ್ಡಿಗೆ ಸಿಗುತ್ತದೆ. ಒಂದು ವಾರ ಮಕ್ಕಳಿಗೆ ಇಂಗ್ಲಿಷ್, ಒಂದು ವಾರ ಚಾರಣ. ಅದರಲ್ಲಿ ಕೆಟ್ಟದ್ದು ಅನಾಥಾಶ್ರಮದ ವ್ಯಾಪಾರ. ನೇಪಾಳದ ಆಶ್ರಮಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಓದು ಕೊಡಿಸುತ್ತೇವೆ ಅಂತ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ತಂದು ಕಾಠ್ಮಂಡು, ಪೋಖರಾ, ಚಿತವನದಂಥ ಪ್ರವಾಸಿಗರು ಬರುವ ಕಡೆ ಇಡುತ್ತಿದ್ದರು. ಪ್ರೀತಿಯಿಂದ ಬಂದವರ ದುಡ್ಡೇ ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡುತ್ತಿತ್ತು. ಭೂಕಂಪದ ನಂತರ ಸರ್ಕಾರ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯುವುದಕ್ಕೆ ತಡೆ ಹಾಕಬೇಕಾಯಿತು. 2018ರಲ್ಲಿ ಆಸ್ಟ್ರೇಲಿಯಾ ಹೀಗೆ ಆಶ್ರಮಗಳಿಗೆ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಒಂದು ಬಗೆ ಅಂತ ಗುರುತಿಸಿತು. ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಹೊರದೇಶಕ್ಕೆ ಹೋಗುವ ಆಸೆಯಿಂದ ವಿಚಾರಿಸುತ್ತಾರೆ. ನಾನು ಅವರಿಗೆ ಒಂದೇ ಪ್ರಶ್ನೆ ಹಾಕುತ್ತೇನೆ. ನಿಮ್ಮನ್ನು ಕೇಳಿದ್ದು ಯಾರು? ಆ ಊರಿನವರಾ, ಅಥವಾ ನಿಮ್ಮಿಂದ ಶುಲ್ಕ ತೆಗೆದುಕೊಂಡವರಾ? ಉತ್ತರ ಗೊತ್ತಿಲ್ಲ ಅಂದರೆ ಗೊತ್ತಾಗುವವರೆಗೆ ಹೋಗಬೇಡಿ ಅನ್ನುತ್ತೇನೆ.

ಹೋಗಲೇಬಾರದು ಅನ್ನುವವಳು ನಾನಲ್ಲ. ಮನುಷ್ಯರು ಒಬ್ಬರ ಮನೆಗೆ ಒಬ್ಬರು ಹೋಗಬೇಕು. ಒಂದೇ ಒಲೆಯ ಸುತ್ತ ಕೂತು ಉಣ್ಣಬೇಕು. ಆಮಾನ ಮನೆಯಲ್ಲಿ ಇರದಿದ್ದರೆ ನನಗೆ ನೇಪಾಳ ಅಂದರೆ ಹಿಮದ ಬೆಟ್ಟ, ಭೂಕಂಪ, ನಮ್ಮ ಊರಿನ ಹೋಟೆಲಿನಲ್ಲಿ ದುಡಿಯುವ ಹುಡುಗರು, ಇಷ್ಟೇ ಆಗಿರುತ್ತಿತ್ತು. ಈಗ ಪೆರ್ಲ ಪೇಟೆಯಲ್ಲಿ ಆ ಹುಡುಗರನ್ನು ಕಂಡರೆ ಯಾವ ಜಿಲ್ಲೆ, ಮನೆಯಲ್ಲಿ ಯಾರಿದ್ದಾರೆ, ಊರಿನಲ್ಲಿ ನೀರು ಹೇಗೆ ಅಂತ ಕೇಳದೆ ಮುಂದೆ ಹೋಗಲಾಗುವುದಿಲ್ಲ.

ಆಮಾ ಮತ್ತು ನಾನು ಈಗಲೂ ಇಮೋದಲ್ಲಿ ಮಾತಾಡುತ್ತೇವೆ. ಸಮಿತಿ ತಿಂಗಳ ಶುಲ್ಕ ಏರಿಸಿದೆ. ಟ್ಯಾಂಕಿಗೆ ಹೊಸ ಮುಚ್ಚಳ ಹಾಕಿಸಿದ್ದಾರೆ. ಪುಸ್ತಕವನ್ನು ನಾನು ತೋರಿಸಿದ ಹಾಗೆ ಈಗ ಬರೆಯುವುದಿಲ್ಲವಂತೆ. ದಿದಿಯರು ತಮಗೆ ಸುಲಭವಾದ ರೀತಿ ಮಾಡಿಕೊಂಡಿದ್ದಾರೆ. ಕೇಳಿ ಬಹಳ ಖುಷಿಯಾಯಿತು.

ನಮ್ಮ ಊರಿಗೆ ಜನ ಬರುವುದು ಇನ್ನೂ ನಿಂತಿಲ್ಲ. ಈಗ ಹೆಚ್ಚಾಗಿ ಸುರಂಗ ನೋಡಲು ಬರುತ್ತಾರೆ. ಇತ್ತೀಚೆಗೆ ಹೊರದೇಶದ ಕೆಲವು ವಿದ್ಯಾರ್ಥಿಗಳು ಬಂದು ಸ್ವಲ್ಪ ದಿನ ಉಳಿಯುತ್ತೇವೆ, ಏನಾದರೂ ಸೇವೆ ಮಾಡುತ್ತೇವೆ ಅಂತ ತಿಳಿಸಿದರು. ನಮ್ಮ ಕುಟುಂಬಶ್ರೀ ಗುಂಪಿನಲ್ಲಿ ಇದನ್ನು ಮಾತಿಗಿಟ್ಟೆವು. ಗುಡ್ಡದ ಮೇಲಿನ ಅಕ್ಕನೂ ಈಗ ಆ ಗುಂಪಿನಲ್ಲಿದ್ದಾರೆ. ಅವರೇ ಹೆಚ್ಚು ಮಾತಾಡಿದರು. ಉಳಿಯುವ ಮನೆಗೆ ಊಟದ ದುಡ್ಡು ನೇರವಾಗಿ ಕೊಡಬೇಕು. ಮನೆಯವರು ಹೇಳುವ ಕೆಲಸ ಮಾಡಬೇಕು, ಅಡಿಕೆ ಹೆಕ್ಕುವುದಾದರೂ ಸರಿ. ಕೇಳದೆ ಫೋಟೊ ಇಲ್ಲ, ಕಾಯಿಲೆಯವರ ಫೋಟೊ ಅಂತೂ ಕೇಳುವುದೂ ಬೇಡ. ಸುರಂಗ ಕೊರೆಯುವ ಹಿರಿಯರನ್ನು ಮಾತಾಡಿಸಲು ಕೂರಿಸಿಕೊಂಡರೆ ಅವರಿಗೆ ಅಂದಿನ ಕೂಲಿ ಕೊಡಬೇಕು. ಬರೆದದ್ದನ್ನು ಹೋಗುವ ಮೊದಲು ನಮಗೆ ಕನ್ನಡದಲ್ಲಿ ಓದಿ ಹೇಳಬೇಕು.

ಅವರು ಎಲ್ಲಕ್ಕೂ ಒಪ್ಪಿ ಬಂದರು. ಕೊನೆಯ ದಿನ ವಾಚನಾಲಯದಲ್ಲಿ ಕೂತು ಓದಿ ಹೇಳಿದಾಗ ಹಿರಿಯರು ಅವರನ್ನು ನಡುವೆ ನಿಲ್ಲಿಸಿ, ಸುರಂಗದ ಇಳಿಜಾರಿನ ಅಳತೆ ಸರಿಯಿಲ್ಲ ಅಂದರು. ಎಲ್ಲರೂ ಟಾರ್ಚು ಹಿಡಿದು ಮತ್ತೆ ಒಳಗೆ ಹೋಗಿ ಅಳೆದರು, ತಿದ್ದಿಕೊಂಡರು. ಮುಂದಿನ ತಂಡಕ್ಕೆ ಅಕ್ಕ ಇನ್ನೊಂದು ಮಾತು ಸೇರಿಸಿದ್ದಾರೆ. ಮಳೆಗಾಲದಲ್ಲಿ ಹಸಿರು ನೋಡಲು ಬರುವುದು ಬೇಡ, ಏಪ್ರಿಲ್‌ನಲ್ಲಿ ಬರಲಿ, ಆಗ ನೀರು ಕಮ್ಮಿ ಇರುತ್ತದೆ, ಸುರಂಗದ ಹೂಳು ತೆಗೆಯಲು ನಮಗೆ ಜನ ಬೇಕು.